ಹೊಗೆ ಸೋಕದ ತಟ್ಟೆ

ಬ್ರಾಯನ್ ಲ್ಯಾಬಿನೊಳಗೆ ಬಂದಾಗ ಇಂಚರ ತಿರುಗಿ ಕೂಡ ನೋಡಲಿಲ್ಲ. ಬಂದವನು ಅವನೇ ಎಂದು ಅವಳಿಗೆ ಗೊತ್ತಿತ್ತು. ಹೊರಗಿನ ಶೂ ಬಿಚ್ಚಿ ಲ್ಯಾಬಿನ ಚಪ್ಪಲಿ ಮೆಟ್ಟುವಾಗ ಒಂದು ಕಾಲಲ್ಲಿ ಕುಣಿದು ಬಾಗಿಲಿಗೆ ಭುಜ ತಾಗಿಸಿಕೊಳ್ಳುವವನು ಇಡೀ ಕ್ವಾಲಾಲಂಪುರದಲ್ಲಿ ಅವನೊಬ್ಬನೇ. ಬೇರೆ ದಿನವಾಗಿದ್ದರೆ ಆ ಸದ್ದಿಗೆ ಅವಳ ತುಟಿ ತಾನಾಗಿ ಅರಳುತ್ತಿತ್ತು. ಇವತ್ತು ಮುಖ ಬಿಗಿದುಕೊಂಡು ಕೂತಿದ್ದಳು.

"ನಿಮ್ಮ ಮೈಕ್ರೋಸ್ಕೋಪ್ ಸುಳ್ಳು ಹೇಳ್ತಿದೆ," ಅಂದಳು.

"ನಮಸ್ಕಾರ ಮೇಡಂ. ನಾನು ಚೆನ್ನಾಗಿದ್ದೇನೆ. ಬಾಂಗ್ಸಾರ್‌ನಿಂದ ಇಲ್ಲಿವರೆಗೆ ಟ್ರಾಫಿಕ್ ಕೂಡ ಚೆನ್ನಾಗಿಯೇ ಉಂಟು."

"ತಮಾಷೆ ಬೇಡ ಬ್ರಾಯನ್. ಇವತ್ತು ಬೇಡ."

ಅವಳ ದನಿ ಕೇಳಿ ಅವನು ಟೂಲ್ ಬ್ಯಾಗ್ ಕೆಳಗಿಟ್ಟು, ಸ್ಟೂಲ್ ಎಳೆದು, ಅವಳಿಗಿಂತ ಒಂದು ಮೊಳ ದೂರದಲ್ಲಿ ಕೂತ. ಯಾವಾಗಲೂ ಅಷ್ಟೇ ದೂರ. ಹತ್ತಿರ ಬರಲು ಧೈರ್ಯವಿಲ್ಲ, ದೂರ ಹೋಗಲು ಮನಸ್ಸಿಲ್ಲ ಎಂಬಂತೆ.

ಇಂಚರ ಮೈಸೂರಿನವಳು. ಕ್ವಾಲಾಲಂಪುರದ ಒಂದು ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸ. ಸಮುದ್ರದಾಚೆ ಕಾಡು ಉರಿದು ಅದರ ಹೊಗೆ ಗಾಳಿ ಹಿಡಿದು ಇಲ್ಲಿಗೆ ಬರುವ ತಿಂಗಳುಗಳಲ್ಲಿ ಊರೆಲ್ಲ ಕಿಟಕಿ ಮುಚ್ಚಿಕೊಂಡರೆ, ಇವಳೊಬ್ಬಳು ಟೆರೇಸಿಗೆ ಹೋಗಿ ಇಲ್ಲಿಯವರು ಹೇಜ್ ಎನ್ನುವ ಆ ಹೊಗೆಯನ್ನು ಶೋಧಕ ಕಾಗದದಲ್ಲಿ ಹಿಡಿದು ತರುತ್ತಾಳೆ. ಕೂದಲೆಳೆಗಿಂತ ಎಷ್ಟೋ ಸಣ್ಣ ಕಣಗಳು. ಅವನ್ನು ಮನುಷ್ಯರ ಶ್ವಾಸನಾಳದ ಜೀವಂತ ಕೋಶಗಳ ಮೇಲೆ ಬಿಟ್ಟು, ಕಣ ಒಳಗೆ ಹೋಗುವ ಆ ಕ್ಷಣವನ್ನು ಚಿತ್ರ ಹಿಡಿಯಬೇಕು. ಅದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದೇ ಅವಳ ಉದ್ಯೋಗ.

ಪ್ರತಿ ಸಲವೂ ಎರಡು ತಟ್ಟೆ ಇಡುತ್ತಾರೆ. ಒಂದಕ್ಕೆ ಹೇಜ್. ಇನ್ನೊಂದಕ್ಕೆ ಏನೂ ಇಲ್ಲ. ಆ ಎರಡನೆಯದು ಕತ್ತಲಾಗಿಯೇ ಇರಬೇಕು, ಆಗಲೇ ಮೊದಲನೆಯದರಲ್ಲಿ ಹೊಳೆದದ್ದನ್ನು ಜನ ನಂಬುವುದು. ಈ ಸಲ ಎರಡರಲ್ಲೂ ಚುಕ್ಕಿಗಳು ಹೊಳೆಯುತ್ತಿದ್ದವು.

"ಹೊಗೆ ಸೋಕದೇ ಇರೋ ತಟ್ಟೆಗೆ ಹೊಗೆ ಎಲ್ಲಿಂದ ಬಂತು?" ಎಂದು ಪರದೆ ಕಡೆ ಬೆರಳು ಮಾಡಿದಳು. "ಮೈಕ್ರೋಸ್ಕೋಪ್ ಪೆಟ್ಟಿಗೆಯ ಗಾಳಿ ಫಿಲ್ಟರ್ ಲೀಕ್ ಆಗಿದೆ. ಲಾಸ್ಟ್ ಸರ್ವಿಸ್ ಮಾಡಿದ್ದು ನೀವೇ ಅಲ್ವಾ?"

"ನಾನೇ. ನೀವು ಸೆಲ್ಸ್ ತರ್ಲಿಕ್ಕೆ ಮೆಲಾಕಾಗೆ ಹೋಗಿದ್ರಲ್ಲ, ಆ ದಿನ."

"ಶುಕ್ರವಾರ ನನ್ನ ಕಾಂಟ್ರ್ಯಾಕ್ಟ್ ಮೀಟಿಂಗ್. ಪ್ರೊಫೆಸರ್ ರೊಸ್ನಾ ಕೈಗೆ ಇದೇ ಚಿತ್ರ ಕೊಟ್ರೆ ಡಿಸೆಂಬರ್‌ಗೆ ನಾನು ಮೈಸೂರಿಗೆ ಗಂಟುಮೂಟೆ ಕಟ್ಟೋದೇ."

ಅವನು ತಲೆ ಎತ್ತಿ ಅವಳನ್ನು ನೋಡಿದ. ಅವನ ಕಣ್ಣಿನ ರೆಪ್ಪೆ ಹುಡುಗಿಯರ ರೆಪ್ಪೆಯ ಹಾಗೆ ಉದ್ದ. ಆ ವಿಷಯ ಇಂಚರಳಿಗೆ ಮೊದಲ ದಿನವೇ ಗೊತ್ತಾಗಿ ಹೋಗಿತ್ತು. ಕಂಪನಿಯಿಂದ ಮೈಕ್ರೋಸ್ಕೋಪ್ ಜೋಡಿಸಲು ಬಂದವನು ನೆಲದ ಮೇಲೆ ಅಂಗಾತ ಮಲಗಿ, ತಿರುಗದ ಸ್ಕ್ರೂ ಒಂದಕ್ಕೆ "ಎಂತ ಸಾವು ಮಾರಾಯ ಇದು" ಅಂದಿದ್ದ. ಊರು ಬಿಟ್ಟು ಇಷ್ಟು ದೂರದಲ್ಲಿ ಮಂಗಳೂರು ಕನ್ನಡ ಕೇಳಿ ಅವಳಿಗೆ ನಗು ತಡೆಯಲಾಗಿರಲಿಲ್ಲ. ಅವನು ತಲೆ ಎತ್ತಿ ನೋಡಿ, ಕಿವಿ ಕೆಂಪಾಗಿಸಿಕೊಂಡು, "ನೀವು ನಮ್ಮವರಾ?" ಎಂದು ಕೇಳಿದ್ದ.

ಅಂದಿನಿಂದ ಯಂತ್ರಕ್ಕೆ ಕೆಮ್ಮು ಬಂದರೂ ಅವಳು ಫೋನ್ ಮಾಡುತ್ತಿದ್ದಳು, ಸೀನು ಬಂದರೂ ಅವನು ಓಡಿ ಬರುತ್ತಿದ್ದ. ರಿಪೇರಿ ಆದ ಮೇಲೆ ಎದುರಿನ ಮಾಮಕ್ ಹೋಟೆಲಿನಲ್ಲಿ ಒಂದು ತೆ ತಾರಿಕ್, ಎತ್ತರದಿಂದ ಸುರಿದು ನೊರೆ ಬರಿಸಿದ ಟೀ. ಅವಳಿಗೆ ಅವನು ಇಷ್ಟ. ಬಹಳ ಇಷ್ಟ. ಆದರೆ ಅವನು ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವನು, ಇವಳ ಅಮ್ಮ ಚಾಮುಂಡಿಯೋ, ಶುಕ್ರವಾರ ಹೊಸ್ತಿಲು ಸಾರಿಸದೆ ಕಾಫಿ ಕುಡಿಯದವಳು. ಹಾಗಾಗಿ ಇಷ್ಟವೆಂಬುದು ಟೀ ಲೋಟದ ಆಚೆ ಈಚೆಯೇ ಉಳಿದಿತ್ತು. ಮೈಸೂರಿಗೆ ಹೋಗಿಬಿಟ್ಟರೆ ಅದೂ ಇಲ್ಲ.

ಬ್ರಾಯನ್ ಮಧ್ಯಾಹ್ನದವರೆಗೆ ಯಂತ್ರದ ಒಳಹೊರಗೆಲ್ಲ ಜಾಲಾಡಿದ. ಮೈಕ್ರೋಸ್ಕೋಪಿನ ಸುತ್ತ ಒಂದು ಪಾರದರ್ಶಕ ಪೆಟ್ಟಿಗೆ ಇರುತ್ತದೆ. ಜೀವಕೋಶಗಳಿಗೆ ಮೈಯೊಳಗೇ ಇದ್ದ ಹಾಗೆ ಅನಿಸಲೆಂದು ಒಂದು ಸಣ್ಣ ಫ್ಯಾನು ಅದರೊಳಗೆ ಬೆಚ್ಚನೆ ಗಾಳಿ ಊದುತ್ತಿರುತ್ತದೆ. ಅವನು ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದ. ಎಲ್ಲೂ ತೂತಿಲ್ಲ.

"ಲೀಕ್ ಇಲ್ಲ ಮೇಡಂ. ಬೇಕಾದ್ರೆ ದೇವರ ಮೇಲೆ ಆಣೆ."

"ಯಾವ ದೇವರು?"

"ಯಾರು ಬೇಕೋ ಹೇಳಿ. ಎಲ್ಲರ ಮೇಲೆ ಇಡ್ತೇನೆ."

ಅವಳಿಗೆ ನಗು ಬಂತು. ಬಂದ ನಗುವನ್ನು ಪರದೆಯ ಕಡೆ ತಿರುಗಿಸಿಕೊಂಡಳು.

ಅವನು ಸ್ಟೂಲನ್ನು ಸ್ವಲ್ಪ ಹತ್ತಿರ ಎಳೆದ. "ಇದೆಂತ, ಎಲ್ಲ ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ನೋಡ್ತಾ ಇದ್ದೀರಿ?"

"ಮಸಿ ಕಣದ ಮೇಲೆ ಈ ಲೇಸರ್ ಬಿದ್ರೆ ಬೆಳ್ಳಗೆ ಹೊಳೆಯುತ್ತೆ. ಹೊಳೀತಾ ಇಲ್ವಾ ಅಂತ ನೋಡಿದ್ರೆ ಸಾಕು. ಬಣ್ಣ ಯಾಕೆ?"

"ಬಣ್ಣ ಬೇರೆ ಬೇರೆ ಮಾಡಿ ತೋರಿಸುವ ಡಿಟೆಕ್ಟರ್ ಉಂಟಲ್ಲ ಇದರಲ್ಲಿ. ಅದು ಪಾಪ ಕೂತು ತುಕ್ಕು ಹಿಡೀತಾ ಉಂಟು. ಒಮ್ಮೆ ಆನ್ ಮಾಡುವ."

ಆನ್ ಮಾಡಿದವನು ಅವನೇ. ಹೊಗೆಯ ತಟ್ಟೆ ಮೊದಲು ಮೂಡಿತು. ಬೆಳ್ಳನೆಯ ಚುಕ್ಕಿಗಳು, ನಡುನಡುವೆ ಅಲ್ಲೊಂದು ಇಲ್ಲೊಂದು ಹಸಿರು. ಆಮೇಲೆ ಹೊಗೆ ಸೋಕದ ತಟ್ಟೆ. ಬಿಳಿಯ ಸುಳಿವೇ ಇಲ್ಲ. ಒಂದೊಂದು ಕೋಶದೊಳಗೂ ಚಿಗುರೆಲೆಯ ಹಸಿರು.

ಇಂಚರ ಕೂತಲ್ಲಿಂದ ಎದ್ದುಬಿಟ್ಟಳು. "ಇದು ಹೇಜ್ ಅಲ್ಲ. ಇದು ಮಸಿನೇ ಅಲ್ಲ. ಬಿಎಸ್ಸಿಯಲ್ಲಿ ನಮ್ಮ ಮೇಷ್ಟ್ರು ಕತ್ತಲೆ ರೂಮಿನಲ್ಲಿ ನೀಲಿ ಲೈಟ್ ಹಾಕಿ ತೋರಿಸಿದ್ರು. ಥೇಟ್ ಇದೇ ಬಣ್ಣ. ಬ್ರಾಯನ್, ಇದು ಅರಿಶಿನ ಕಣ್ರೀ."

ಅವಳಿಗೆ ಹೋದ ಜೀವ ಬಂದಂತಾಗಿತ್ತು. "ಲ್ಯಾಬಿಗೆ ಅರಿಶಿನ ಯಾರು ತಂದ್ರೋ? ಇರಿ, ಕ್ಯಾಂಟೀನ್ ಸೆಲ್ವಿ ಅಕ್ಕನ ಹತ್ರ ಒಂದು ಚಿಟಿಕೆ ಇಸ್ಕೊಂಡು ಬರ್ತೀನಿ. ಇದರ ಪಕ್ಕದಲ್ಲೇ ಇಟ್ಟು ನೋಡೋಣ."

"ತರುದು ಬೇಡ," ಅಂದ ಬ್ರಾಯನ್.

ಅವನ ಮುಖ ಸಪ್ಪಗಾಗಿತ್ತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. ಅದು ಉರುಳಿತು. ಹಿಡಿದು ಮತ್ತೆ ಇಟ್ಟ.

"ಅದು ಅರಿಶಿನವೇ. ಹಾಕಿದ್ದು ನಾನು."

ಇಂಚರಳಿಗೆ ಮೊದಲು ಅರ್ಥವಾಗಲಿಲ್ಲ.

"ಮಾಮಕ್‌ನಲ್ಲಿ ಒಮ್ಮೆ ಹೇಳಿದ್ರಿ ನೀವು. ನೆನಪುಂಟಾ?" ಅವನು ಅವಳ ಕಡೆ ನೋಡದೆ ಹೇಳುತ್ತಿದ್ದ. "ನಿಮ್ಮ ಅಮ್ಮ ಆಯುಧ ಪೂಜೆಗೆ ಹೊಲಿಗೆ ಮಷೀನಿಗೆ ಹೂ ಹಾಕಿ, ಕುಂಕುಮ ಇಟ್ಟು, ಅವತ್ತು ಕತ್ತರಿ ಕೂಡ ಮುಟ್ಟುದಿಲ್ಲ ಅಂತ. ಇಷ್ಟು ದೊಡ್ಡ ಮಷೀನ್ ಇಟ್ಕೊಂಡು ನಾನು ಒಂದು ಹೂ ಇಡ್ಲಿಲ್ಲ, ಅಮ್ಮನಿಗೆ ಗೊತ್ತಾದ್ರೆ ಬೈತಾರೆ ಅಂತ. ಹೇಳಿ ಕಣ್ಣು ಒರೆಸಿಕೊಂಡ್ರಿ. ಹೇಜ್‌ಗೆ ಉರಿ ಅಂತ ಸುಳ್ಳು ಹೇಳಿದ್ರಿ."

"ಹ್ಞೂಂ."

"ಈ ಸಲದ ಸರ್ವಿಸ್ ಡೇಟ್ ನೋಡಿದ್ರೆ ಆಯುಧ ಪೂಜೆ ದಿನವೇ ಬಿತ್ತು. ನೀವು ಮೆಲಾಕಾದಲ್ಲಿ. ಬ್ರಿಕ್‌ಫೀಲ್ಡ್ಸ್ ಅಂಗಡಿಯವನ ಹತ್ರ ಪೂಜೆ ಸಾಮಾನು ಕೊಡಿ ಅಂದೆ, ಅವ ಎಲ್ಲ ಪೊಟ್ಟಣ ಕಟ್ಟಿ ಕೊಟ್ಟ. ಊದುಬತ್ತಿ ಹಚ್ಚಲಿಲ್ಲ. ಲ್ಯಾಬಿಗೆ ಹೊಗೆ ಆಗುದಿಲ್ಲ ಅನ್ನುವಷ್ಟು ಬುದ್ಧಿ ಇತ್ತು. ಪೆಟ್ಟಿಗೆ ಮೇಲೆ ಅರಿಶಿನ ಕುಂಕುಮ ಹಾಕಿದೆ, ಮಲ್ಲಿಗೆ ಇಟ್ಟೆ. ಆಮೇಲೆ ಕಲೆ ಉಳಿಯಬಾರ್ದು ಅಂತ ಬಟ್ಟೆಯಲ್ಲಿ ಒರೆಸಿದೆ."

"ಒಣ ಪುಡಿ?"

"ಒಣ ಪುಡಿ."

"ಪೆಟ್ಟಿಗೆ ಬಾಗಿಲು ತೆರೆದಿತ್ತಾ? ಫ್ಯಾನ್ ಓಡ್ತಿತ್ತಾ?"

ಅವನು ಹೌದೆಂದು ತಲೆ ಆಡಿಸಿದ.

ಇಂಚರಳಿಗೆ ಮೈಯೆಲ್ಲ ಉರಿದು ಬಂತು. "ಅರಿಶಿನ ತಿಂದ ಸೆಲ್ ಹೊಗೆಗೆ ಹೇಗೆ ರಿಯಾಕ್ಟ್ ಮಾಡುತ್ತೆ ಅಂತ ಯಾವನಿಗೆ ಗೊತ್ತು? ಹಸಿರು ಚುಕ್ಕಿ ಅಳಿಸಿಬಿಟ್ರೂ ಈ ಚಿತ್ರ ಒಂದಕ್ಕೂ ಬರಲ್ಲ. ಆ ಸೆಲ್ಸ್ ಮೆಲಾಕಾದ ಒಬ್ಬರು ಅಜ್ಜ ದಾನ ಮಾಡಿದ್ದು ಬ್ರಾಯನ್. ಅಂಗಡಿಯಲ್ಲಿ ಸಿಗಲ್ಲ. ಫ್ರೀಜರ್‌ನಲ್ಲಿ ಇನ್ನೊಂದೇ ಒಂದು ಸೀಸೆ ಇರೋದು. ಒಂದು ಮಾತು ನನ್ನ ಕೇಳಬಾರದಿತ್ತಾ?"

"ಕೇಳಿದ್ರೆ ಸರ್‌ಪ್ರೈಸ್ ಹೇಗೆ ಆಗ್ತದೆ? ಫೋಟೋ ತೆಗೆದಿದ್ದೆ, ನಿಮಗೆ ಕಳಿಸುವ ಅಂತ. ಆಮೇಲೆ ಧೈರ್ಯ ಬರ್ಲಿಲ್ಲ. ಇಗರ್ಜಿಗೆ ಹೋಗುವವನಿಗೆ ಇದೆಲ್ಲ ಎಂತಕ್ಕೆ ಅಂತ ಅಂದ್ಕೊಂಡ್ರೆ?"

ಅವಳು ಬ್ಯಾಗ್ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ಚಪ್ಪಲಿ ಬದಲಿಸುವಾಗ ಅವಳೂ ಒಂದು ಕಾಲಲ್ಲಿ ಕುಂಟಿದಳು. ಅವನು ಹಿಡಿಯಲು ಎದ್ದವನು ಹಾಗೇ ನಿಂತ.

ಪುಚೊಂಗ್ ಕಡೆಯ ಎಲ್‌ಆರ್‌ಟಿ ರೈಲಿನಲ್ಲಿ ಜಾಗವಿದ್ದರೂ ಇಂಚರ ಕೂರಲಿಲ್ಲ. ಕಂಬ ಹಿಡಿದು ನಿಂತು ಅವನನ್ನು ಮನಸಾರೆ ಬೈದಳು. ಅಯೋಗ್ಯ. ತಲೆಹರಟೆ. ಅರಿಶಿನವನ್ನು ನೀರಲ್ಲಿ ಕಲಸಿ ಹಚ್ಚಬೇಕೆಂದೂ ಗೊತ್ತಿಲ್ಲದವನು ಪೂಜೆಗೆ ಹೊರಟನಂತೆ. ಬೈಯುತ್ತಾ ಬೈಯುತ್ತಾ, ಬ್ರಿಕ್‌ಫೀಲ್ಡ್ಸ್ ಅಂಗಡಿಯೊಂದರ ಮುಂದೆ ಟೂಲ್ ಬ್ಯಾಗ್ ಹೊತ್ತು ಮಲ್ಲಿಗೆಗೆ ಚೌಕಾಸಿ ಮಾಡುವ ಬ್ರಾಯನ್ ಕಣ್ಣಮುಂದೆ ಬಂದ. ಈ ಊರಿಗೆ ಬಂದ ಮೇಲೆ ಅವಳ ಮಾತನ್ನು ಅಷ್ಟು ಗಮನವಿಟ್ಟು ಕೇಳಿಸಿಕೊಂಡವರು ಯಾರಿದ್ದರು? ಯಾರೂ ಇಲ್ಲ. ಸಿಟ್ಟು ಇನ್ನೂ ಇತ್ತು, ಆದರೆ ಅದರ ಪಕ್ಕದಲ್ಲಿ ಬೇರೇನೋ ಬಂದು ಕೂತಿತ್ತು.

ಒಂದು ಕೆಟ್ಟ ಯೋಚನೆಯೂ ಬಂತು. ಪ್ರೊಫೆಸರ್‌ಗೆ ಎಲ್ಲಿಂದಲೋ ಧೂಳು ಬಿದ್ದಿದೆ ಎಂದುಬಿಟ್ಟರೆ? ಬ್ರಾಯನ್ ಉಳಿಯುತ್ತಾನೆ. ತನ್ನ ಮೇಲೆ ನಿರ್ಲಕ್ಷ್ಯದ ಹೆಸರು ಬರುತ್ತದೆ, ಬರಲಿ. ಮನೆ ತಲುಪುವ ಹೊತ್ತಿಗೆ ಅವಳು ಹಾಗೇ ಹೇಳುವುದೆಂದು ಮುಕ್ಕಾಲು ನಿರ್ಧರಿಸಿದ್ದಳು.

ಮಾರನೆಯ ಬೆಳಿಗ್ಗೆ ಪ್ರೊಫೆಸರ್ ರೊಸ್ನಾ ಅವರ ಕೋಣೆಗೆ ಹೋದರೆ ಬ್ರಾಯನ್ ಆಗಲೇ ಅಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಶರಟು, ನಿದ್ದೆಗೆಟ್ಟ ಕಣ್ಣು.

"ಬಾ ಇಂಚರ, ಕೂತ್ಕೋ ಲಾ," ಎಂದು ರೊಸ್ನಾ ಇಲ್ಲಿಯವರ 'ಲಾ' ಸೇರಿಸಿದ ಇಂಗ್ಲಿಷಿನಲ್ಲಿ ಹೇಳಿದರು. "ಈ ಹುಡುಗ ನಾನು ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದ. ಎಲ್ಲ ಹೇಳಿದ. ತನ್ನ ಕಂಪನಿಗೂ ತಾನೇ ಬರೆದಿದ್ದಾನೆ. ನೀನು ಏನಾದರೂ ಸೇರಿಸೋದು ಇದೆಯಾ?"

ಇಂಚರಳ ಬಾಯಲ್ಲಿ ಸಿದ್ಧವಾಗಿದ್ದ ಧೂಳಿನ ಕಥೆ ಅಲ್ಲೇ ಉಳಿಯಿತು. ಬ್ರಾಯನ್ ಅವಳ ಕಡೆ ನೋಡಿದ. ಬೇಡ ಎಂದು ಕಣ್ಣಲ್ಲೇ ಹೇಳಿದ.

"ಇಲ್ಲ ಪ್ರೊಫೆಸರ್. ಅವರು ಹೇಳಿದ್ದೆಲ್ಲ ನಿಜ."

ರೊಸ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ತಾಯಿಯೂ ಹೊಸ ಕಾರಿಗೆ ಮೊದಲು ದುವಾ ಮಾಡಿಸುತ್ತಿದ್ದರು. ಕಾರಿನ ಎಂಜಿನ್ ಒಳಗೆ ಏನೂ ಸುರಿಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ." ಅವರು ನಗಲಿಲ್ಲ, ಆದರೆ ಬೈಯಲೂ ಇಲ್ಲ. "ಮೀಟಿಂಗ್ ಒಂದು ವಾರ ಮುಂದಕ್ಕೆ ಹಾಕ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ. ಹೇಜ್ ನಿನ್ನ ಕಾಗದದಲ್ಲಿ ಉಳಿದಿದೆ. ಸೆಲ್ಸ್ ಒಂದೇ ಸೀಸೆ. ಅದೂ ಹಾಳಾದರೆ ನಾನು ನಿನ್ನ ಪರವಾಗಿ ಮಾತಾಡೋಕೆ ಆಗಲ್ಲ."

ಇಬ್ಬರೂ ಹೊರಗೆ ಕಾರಿಡಾರಿಗೆ ಬಂದರು.

"ಯಾರು ಹೇಳಿದ್ರು ನಿಮಗೆ ಹೀರೋ ಆಗೋಕೆ?" ಅಂದಳು ಇಂಚರ.

"ನೀವು ನನ್ನ ಉಳಿಸ್ಲಿಕ್ಕೆ ಎಂತದೋ ಸುಳ್ಳು ಹೇಳ್ತೀರಿ ಅಂತ ಗೊತ್ತಿತ್ತು. ನಿಮಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ. ಹೇಜ್‌ಗೆ ಕಣ್ಣು ಉರಿ ಅಂದಾಗಲೇ ಗೊತ್ತಾಗಿತ್ತು."

"ಕಂಪನಿ ಏನಂತು?"

"ಕೆಲಸ ಉಂಟು. ಆದ್ರೆ ನಿಮ್ಮ ಲ್ಯಾಬಿಗೆ ಇನ್ನು ಬೇರೆಯವರು ಬರ್ತಾರೆ. ಮಷೀನ್ ಕ್ಲೀನ್ ಮಾಡಿ ಕೊಟ್ಟು, ನಿಮ್ಮ ಪ್ರಯೋಗ ಮುಗಿಯುವವರೆಗೆ ಜೊತೆಗಿದ್ದು ಹೋಗು ಅಂದ್ರು. ಅದು ಕೊನೆ."

ಇನ್ನು ಮೇಲೆ ಯಂತ್ರಕ್ಕೆ ಕೆಮ್ಮು ಬಂದರೂ ಇವನು ಬರುವುದಿಲ್ಲ. ಫೋನ್ ಮಾಡಲು ಒಂದು ನೆಪವೂ ಇಲ್ಲ.

ಇಬ್ಬರೂ ಸೇರಿ ಪೆಟ್ಟಿಗೆಯ ಒಂದೊಂದು ಹಲಗೆಯನ್ನೂ ಬಿಚ್ಚಿ ತೊಳೆದರು. ಫ್ಯಾನಿನ ರೆಕ್ಕೆಯ ಸಂದಿಯಲ್ಲಿ ಹಳದಿ ಇನ್ನೂ ಇತ್ತು. ಅದನ್ನು ಒದ್ದೆ ಹತ್ತಿಯಲ್ಲಿ ಒರೆಸುವಾಗ ಬ್ರಾಯನ್ ಎಷ್ಟು ಬಗ್ಗಿದ್ದನೆಂದರೆ ಅವಳಿಗೆ ಅವನ ಕತ್ತಿನ ಮೇಲಿನ ಸಣ್ಣ ಮಚ್ಚೆ ಕಂಡಿತು. ನೋಡಬಾರದೆಂದು ನೋಡದೆ, ಮತ್ತೆ ನೋಡಿದಳು.

"ಎಂತ ನೋಡ್ತಾ ಇದ್ದೀರಿ?" ಅವನು ತಿರುಗದೆಯೇ ಕೇಳಿದ.

"ಅರಿಶಿನ ಉಳಿದಿದೆಯಾ ಅಂತ."

"ನನ್ನ ಕತ್ತಿನ ಮೇಲಾ?"

ಅವಳು ಹತ್ತಿಯ ಉಂಡೆಯನ್ನು ಅವನ ಬೆನ್ನಿಗೆ ಎಸೆದಳು.

ಕೊನೆಯ ಸೀಸೆಯ ಕೋಶಗಳು ಹಿಮ ಬಿಟ್ಟು, ತಟ್ಟೆಗೆ ಅಂಟಿಕೊಂಡು, ಬೆಳೆಯಲು ದಿನಗಳೇ ಬೇಕಾದವು. ಅಷ್ಟು ದಿನವೂ ಬ್ರಾಯನ್ ಬಂದ, ಮಾಮಕ್‌ನಿಂದ ತಪಾವ್, ಅಂದರೆ ಪಾರ್ಸಲ್, ಕಟ್ಟಿಸಿಕೊಂಡ ರೊಟ್ಟಿ ಚನೈ ತಂದ, ಲ್ಯಾಬಿನ ಹೊರಗೇ ಕೈ ತೊಳೆದು ಬಂದ, ತೊಳೆದ ಕೈಯನ್ನು ಮತ್ತೆ ತೊಳೆದ. ಅವನ ಶಿಸ್ತು ನೋಡಿ ಅವಳಿಗೆ ನಗುವೂ ಬರುತ್ತಿತ್ತು, ಪಾಪವೂ ಅನಿಸುತ್ತಿತ್ತು.

ಪ್ರಯೋಗದ ದಿನ ಬಿಸಿಲು ಚೆನ್ನಾಗಿತ್ತು. ಲ್ಯಾಬಿನ ಕಿಟಕಿ ಪರದೆಗಳನ್ನೆಲ್ಲ ಎಳೆದು ಕತ್ತಲು ಮಾಡಿ ಇಬ್ಬರೂ ಕಂಪ್ಯೂಟರ್ ಪರದೆಯ ಮುಂದೆ ಕೂತರು. ಇಂಚರ ಮೊದಲು ಹೊಗೆ ಸೋಕದ ತಟ್ಟೆಯ ಚಿತ್ರ ತೆರೆಯಲು ಮೌಸಿನ ಮೇಲೆ ಕೈಯಿಟ್ಟಳು.

"ನನಗೆ ಭಯ ಆಗ್ತಿದೆ," ಅಂದಳು.

"ನನಗೆ ಜೀವವೇ ಹೋಗ್ತಾ ಉಂಟು. ಒತ್ತಿ."

ಒತ್ತಿದಳು. ಕತ್ತಲು. ಕೋಶಗಳ ಮಸುಕು ಅಂಚು ಬಿಟ್ಟರೆ ಎಲ್ಲೆಲ್ಲೂ ಅಚ್ಚುಕಟ್ಟಾದ ಕತ್ತಲು. ಇಡೀ ಜನ್ಮದಲ್ಲಿ ಏನೂ ಕಾಣದೆ ಇದ್ದದ್ದಕ್ಕೆ ಅವಳು ಅಷ್ಟು ಸಂತೋಷಪಟ್ಟಿರಲಿಲ್ಲ. ಪಕ್ಕದಲ್ಲಿ ಬ್ರಾಯನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಮಾಡಿಕೊಂಡವನು ಕೈಯನ್ನು ಗಾಬರಿಯಿಂದ ನೋಡಿದ.

"ಇದರಿಂದ ಎಂತದೂ ಉದುರುದಿಲ್ಲ ಅಲ್ವಾ?"

"ಇಲ್ಲ," ಎಂದು ಅವಳು ನಕ್ಕಳು. ನಕ್ಕಾಗ ಕಣ್ಣಲ್ಲಿ ನೀರಿತ್ತು. ಈ ಸಲ ಹೇಜ್ ಅಂತ ಹೇಳಲಿಲ್ಲ.

ಆಮೇಲೆ ಹೊಗೆಯ ತಟ್ಟೆ. ಒಂದು ಬಿಳಿ ಚುಕ್ಕಿ ತೇಲಿ ಬಂದು ಕೋಶದ ಅಂಚಿಗೆ ತಾಗಿ ನಿಂತಿತು. ಬಹಳ ಹೊತ್ತು ಏನೂ ಆಗಲಿಲ್ಲ. ಕೊನೆಗೆ ಕೋಶದ ಅಂಚು ನಿಧಾನವಾಗಿ ಎದ್ದು, ಮಡಚಿ, ಚುಕ್ಕಿಯನ್ನು ಸುತ್ತುವರಿದು ಒಳಗೆ ಎಳೆದುಕೊಂಡಿತು.

"ಸಿಕ್ತಾ?" ಅವನು ಪಿಸುಗುಟ್ಟಿದ.

"ಸಿಕ್ತು. ಪೂರ್ತಿ ಸಿಕ್ತು."

"ಇನ್ನು ಅದು ಅದನ್ನು ಎಂತ ಮಾಡ್ತದೆ?"

"ಏನೂ ಮಾಡಕ್ಕಾಗಲ್ಲ. ಕರಗಿಸೋಕೆ ಬರಲ್ಲ, ಹೊರಗೆ ತಳ್ಳೋಕೂ ಬರಲ್ಲ. ಇಟ್ಕೊಂಡೇ ಒದ್ದಾಡುತ್ತೆ."

"ಪಾಪ. ನನ್ನ ಹಾಗೆಯೇ."

"ಬ್ರಾಯನ್, ಕಾಯಿಲೆ ಶುರುವಾಗೋದು ಹೀಗೆ. ಇದರಲ್ಲಿ ರೊಮ್ಯಾನ್ಸ್ ಹುಡುಕಬೇಡಿ."

"ಹುಡುಕ್ಲಿಲ್ಲ. ಬಾಯಿಗೆ ಬಂತು, ಹೇಳಿದೆ." ಅವನು ಪರದೆಯನ್ನೇ ನೋಡುತ್ತಿದ್ದ. ಕಿವಿ ಕೆಂಪಾಗಿದ್ದು ಆ ಕತ್ತಲಲ್ಲೂ ತಿಳಿಯುತ್ತಿತ್ತು. "ನಾಳೆಯಿಂದ ನಾನು ಬರುದಿಲ್ಲ ಅಲ್ಲ, ಹಾಗಾಗಿ."

ಇಂಚರ ತನ್ನ ಸ್ಟೂಲನ್ನು ಎಳೆದಳು. ಅಷ್ಟು ಕಾಲದಿಂದ ಹಾಗೇ ಇದ್ದ ಆ ಒಂದು ಮೊಳ ದೂರ ಅಲ್ಲಿಗೆ ಮುಗಿಯಿತು.

"ಲ್ಯಾಬಿಗೆ ಬರಬೇಡಿ," ಅಂದಳು. "ಮಾಮಕ್‌ಗೆ ಬನ್ನಿ. ನಾಳೆ, ನಾಡಿದ್ದು, ಆಮೇಲೂ. ಏನೂ ರಿಪೇರಿ ಇಲ್ಲದೇ ಇದ್ರೂ ಬನ್ನಿ. ನೀವಂದ್ರೆ ನಂಗಿಷ್ಟ. ಮೊದಲ ದಿನದಿಂದ ಇಷ್ಟ. ನೀವು ಆ ಸ್ಕ್ರೂಗೆ ಬೈದಾಗಿಂದ."

ಬ್ರಾಯನ್ ಅವಳ ಕೈ ಹಿಡಿದುಕೊಂಡ. ತೊಳೆದು ತೊಳೆದು ಅವನ ಕೈ ಒರಟಾಗಿತ್ತು.

"ನಿಮ್ಮ ಅಮ್ಮ?" ಎಂದು ಕೇಳಿದ.

"ಆ ಫೋಟೋ ಇದೆಯಾ ಇನ್ನೂ? ಪೂಜೆ ಮಾಡಿದ್ದು?"

ಮೀಟಿಂಗಿನಲ್ಲಿ ರೊಸ್ನಾ ಆ ಚಿತ್ರವನ್ನು ಎರಡು ಸಲ ಓಡಿಸಿ ತೋರಿಸಿದರಂತೆ. ಕಾಂಟ್ರ್ಯಾಕ್ಟ್ ಮುಂದುವರಿಯಿತು. ಸಂಜೆ ಮಾಮಕ್‌ನ ಹೊರಗಿನ ಮೇಜಿನಲ್ಲಿ ಕೂತು ಇಂಚರ ಆ ಸುದ್ದಿಯ ಜೊತೆಗೇ ಫೋಟೋವನ್ನೂ ಮೈಸೂರಿಗೆ ಕಳಿಸಿ ಅಮ್ಮನಿಗೆ ಫೋನ್ ಮಾಡಿದಳು. ಬ್ರಾಯನ್ ಎದುರಿಗೆ ಕೂತು ಆರಿಹೋದ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಸ್ಪೀಕರಿನಲ್ಲಿ ಹೊಲಿಗೆ ಮಷೀನಿನ ಸದ್ದು ಬರುತ್ತಿತ್ತು.

"ನೋಡ್ದೆ ಕಣೇ," ಅಂದರು ಚಾಮುಂಡಿ. "ಕೆಲಸ ಉಳೀತಲ್ಲ, ನಿಮ್ಮಪ್ಪನಿಗೂ ಹೇಳ್ತೀನಿ. ಇದೇನೇ ಪೂಜೆ? ಕುಂಕುಮ ಎಲ್ಲ ಸೊಟ್ಟ. ಯಾರು ಮಾಡಿದ್ದು?"

"ನನಗೋಸ್ಕರ ಒಬ್ಬರು ಮಾಡಿದ್ದು ಅಮ್ಮ. ನನಗೆ ತುಂಬಾ ಬೇಕಾದವರು."

"ಹೆಸರು?"

"ಬ್ರಾಯನ್. ಮಂಗಳೂರಿನವರು."

ಹೊಲಿಗೆ ಮಷೀನು ನಿಂತಿತು. ಮಾಮಕ್‌ನ ಗದ್ದಲದ ನಡುವೆ ಆ ಮೌನ ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ ಬ್ರಾಯನ್ ಲೋಟ ಕೆಳಗಿಟ್ಟ. ಇಂಚರ ಮೇಜಿನ ಕೆಳಗೆ ಅವನ ಬೆರಳು ಹಿಡಿದಳು.

"ಮಲ್ಲಿಗೆ ಚೆನ್ನಾಗಿ ಇಟ್ಟಿದಾನೆ," ಎಂದು ಕೊನೆಗೆ ದನಿ ಬಂತು. "ಅರಿಶಿನ ಮಾತ್ರ ಒಣಗಿದ್ದು ಹಾಕ್ಬಾರ್ದು. ನೀರಲ್ಲಿ ಕಲಸಿ ಹಚ್ಚಬೇಕು. ಮುಂದಿನ ದಸರೆಗೆ ಬಂದಾಗ ನೋಡ್ಕೊಳ್ಳಲಿ, ನಾನು ಹೇಗೆ ಮಾಡ್ತೀನಿ ಅಂತ."

ಹೊಲಿಗೆ ಮಷೀನು ಮತ್ತೆ ಓಡತೊಡಗಿತು. ಇಂಚರ ಬ್ರಾಯನ್ ಕಡೆ ನೋಡಿದಳು. ಅವನು ಮುಖವನ್ನು ಆಚೆ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಹೇಜ್," ಅಂದ.

ಆಕಾಶ ತೊಳೆದಿಟ್ಟಷ್ಟು ನಿರ್ಮಲವಾಗಿತ್ತು. ಅವಳು ನಗುತ್ತಾ ಇನ್ನೆರಡು ತೆ ತಾರಿಕ್ ಹೇಳಿದಳು.